ಹಳೆಯ ಮಿಯಾಟಾದ ಎ.ಸಿ. ವೆಂಟ್ ನಿಲ್ಲುತ್ತಿಲ್ಲವೇ? ಅಂಟು ಬೇಡ, ಫೆಲ್ಟ್ ಸಾಕು

ಪ್ರಶ್ನೆ: ನಾನು ಹುಬ್ಬಳ್ಳಿಯವನು, ಈಗ ಟೆಕ್ಸಾಸ್‌ನ ಆಸ್ಟಿನ್‌ನಲ್ಲಿ ನೆಲೆಸಿದ್ದೇನೆ. ಬಹುಕಾಲದ ಆಸೆಯಿಂದ 1992ರ ಮಜ್ದಾ ಮಿಯಾಟಾ ಕಾರು ಕೊಂಡಿದ್ದೇನೆ. ಎಂಜಿನ್, ಗೇರ್ ಎಲ್ಲವೂ ಚೆನ್ನಾಗಿವೆ. ಆದರೆ ಡ್ಯಾಶ್‌ಬೋರ್ಡ್ ಮಧ್ಯದಲ್ಲಿರುವ ಎರಡು ದುಂಡನೆಯ ಎ.ಸಿ. ವೆಂಟ್‌ಗಳು ಹೇಳಿದ ಕಡೆ ನಿಲ್ಲುವುದಿಲ್ಲ. ಮುಖದ ಕಡೆಗೆ ತಿರುಗಿಸಿದರೆ ರಸ್ತೆಯ ಮೊದಲ ಕುಲುಕಿಗೇ ಕೆಳಗೆ ಬೀಳುತ್ತವೆ. ತಂಪು ಗಾಳಿಯೆಲ್ಲ ಗೇರ್ ಲಿವರ್ ಪಾಲಾಗುತ್ತದೆ. ಒಂದು ವೆಂಟ್ ಅಂತೂ ಚೌಕಟ್ಟಿನ ಸಮೇತ ಗಡಗಡ ಅನ್ನುತ್ತದೆ. ಗೆಳೆಯರೊಬ್ಬರು ಸೂಪರ್ ಗ್ಲೂ ಹಾಕಲು ಹೇಳಿದರು. ಹೊಸದನ್ನೇ ತರಿಸಬೇಕೇ?

ಉತ್ತರ: ಸೂಪರ್ ಗ್ಲೂ ಟ್ಯೂಬನ್ನು ದಯವಿಟ್ಟು ಮುಚ್ಚಿಡಿ. ಅದನ್ನು ಹಾಕಿದರೆ ವೆಂಟ್ ಒಂದೇ ದಿಕ್ಕಿಗೆ ಕಚ್ಚಿಕೊಂಡು ಕೂರುತ್ತದೆ, ಮುಂದೆ ಬಿಚ್ಚಲೂ ಬರುವುದಿಲ್ಲ. ಜೊತೆಗೆ ಆ ಅಂಟಿನಿಂದ ಏಳುವ ಆವಿ ಅಕ್ಕಪಕ್ಕದ ಕಪ್ಪು ಪ್ಲಾಸ್ಟಿಕ್ ಮೇಲೆ ಬಿಳಿ ಪೊರೆಯಾಗಿ ಕೂರುತ್ತದೆ. ಮೂವತ್ತು ವರ್ಷ ದಾಟಿದ ಡ್ಯಾಶ್‌ಬೋರ್ಡ್ ಮೇಲಿನ ಅಂಥ ಕಲೆಯನ್ನು ತೆಗೆಯುವ ಕಷ್ಟದ ಮುಂದೆ ನಿಮ್ಮ ಈಗಿನ ತೊಂದರೆ ಏನೂ ಅಲ್ಲ.

ನಿಮ್ಮದು ಮಿಯಾಟಾದ ಮೊದಲ ತಲೆಮಾರು. ಪ್ರಿಯರು ಇದನ್ನು ‘ಎನ್‌ಎ’ ಎಂದು ಕರೆಯುತ್ತಾರೆ. 1989ರ ಫೆಬ್ರುವರಿಯಲ್ಲಿ ಷಿಕಾಗೋ ಆಟೊ ಷೋನಲ್ಲಿ ಮೊದಲು ಕಾಣಿಸಿಕೊಂಡ ಈ ಕಾರು 1997ರವರೆಗೆ ತಯಾರಾಯಿತು. ಏಳುವ ಹೆಡ್‌ಲೈಟ್, ಮಡಚುವ ಛಾವಣಿಯಂತೆ ಡ್ಯಾಶ್‌ಬೋರ್ಡಿನ ದುಂಡು ವೆಂಟ್‌ಗಳೂ ಅದರ ಗುರುತುಗಳಲ್ಲೊಂದು. ಪ್ರತಿ ವೆಂಟ್‌ನಲ್ಲೂ ಎರಡು ಭಾಗಗಳಿವೆ: ಹೊರಗಿನ ಗೂಡು ಮತ್ತು ಅದರೊಳಗೆ ಹೊರಳುವ ಗೋಲ. ಗೋಲವನ್ನು ಬೇಕಾದ ಕೋನದಲ್ಲಿ ಹಿಡಿದು ನಿಲ್ಲಿಸಲು ಹಲ್ಲು, ತಿರುಪು ಯಾವುದೂ ಇಲ್ಲ. ಗೂಡಿಗೂ ಗೋಲಕ್ಕೂ ನಡುವಿನ ಘರ್ಷಣೆಯೇ ಅದನ್ನು ನಿಲ್ಲಿಸಬೇಕು. ನಿಮ್ಮ ಕಾರಿನಲ್ಲಿ ಕಳೆದುಹೋಗಿರುವುದು ಆ ಘರ್ಷಣೆ. ಗೋಲ ಮುರಿದಿಲ್ಲ, ಗೂಡು ಒಡೆದಿಲ್ಲ ಎಂದಾದರೆ ಹೊಸ ಭಾಗದ ಅಗತ್ಯವೇ ಇಲ್ಲ.

ಘರ್ಷಣೆ ಹೇಗೆ ಹೋಯಿತು? ಛಾವಣಿ ತೆರೆದು ನಿಲ್ಲಿಸುವ ಕಾರು ಇದು. ಟೆಕ್ಸಾಸ್‌ನ ಬೇಸಿಗೆಯಲ್ಲಿ ಮುಚ್ಚಿದ ಕಾರಿನ ಡ್ಯಾಶ್‌ಬೋರ್ಡ್ ಕೂಡ 70 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ವರ್ಷಗಟ್ಟಲೆ ಹೀಗೆ ಕಾದು ಆರಿದ ಪ್ಲಾಸ್ಟಿಕ್ ತನ್ನ ಮೂಲ ಅಳತೆಯನ್ನು ಕಾಪಾಡಿಕೊಳ್ಳುವುದಿಲ್ಲ, ಮುಟ್ಟಿಕೊಂಡಿರುವ ಮೇಲ್ಮೈಗಳೂ ಸವೆಯುತ್ತವೆ. ಇದರ ಮೇಲೆ ಹಿಂದಿನ ಮಾಲೀಕರು ಯಾರಾದರೂ ಡ್ಯಾಶ್‌ಬೋರ್ಡಿಗೆ ಹೊಳಪು ಬರಿಸುವ ಸಿಲಿಕೋನ್ ಸ್ಪ್ರೇ ಹೊಡೆದಿದ್ದರೆ ಮುಗಿಯಿತು, ಅದು ಸಂದಿಗೆ ಇಳಿದು ಗೋಲವನ್ನು ಜಾರಿಸುತ್ತದೆ.

ಚೌಕಟ್ಟು ಗಡಗಡ ಎನ್ನಲು ಬೇರೆಯೇ ಕಾರಣವಿದೆ. ಈ ಕಾರಿನಲ್ಲಿ ರೇಡಿಯೊ ಬದಲಿಸಬೇಕೆಂದರೆ ಅದರ ಸುತ್ತಲಿನ ಮಧ್ಯದ ಫಲಕವನ್ನು ಕಳಚಬೇಕು. ಆ ಫಲಕದ ಮೇಲ್ಭಾಗದ ಸ್ಕ್ರೂಗಳು ಅಡಗಿರುವುದು ಮಧ್ಯದ ಎರಡು ವೆಂಟ್‌ಗಳ ಹಿಂದೆ. ಕ್ಯಾಸೆಟ್ ಪ್ಲೇಯರ್ ಹೋಗಿ ಸಿ.ಡಿ. ಬಂದಾಗ, ಸಿ.ಡಿ. ಹೋಗಿ ಬ್ಲೂಟೂತ್ ಬಂದಾಗ, ಪ್ರತಿ ಬಾರಿಯೂ ಯಾರೋ ಸ್ಕ್ರೂಡ್ರೈವರ್ ತುದಿಯಿಂದ ಈ ವೆಂಟ್‌ಗಳನ್ನು ಎಬ್ಬಿಸಿರುತ್ತಾರೆ. ಗೂಡನ್ನು ಹಿಡಿಯುವ ಪ್ಲಾಸ್ಟಿಕ್ ಕೊಕ್ಕೆಗಳು ಅಷ್ಟು ಬಾರಿ ಬಾಗಿ ಎದ್ದು ಉಳಿಯುವುದು ಕಷ್ಟ. ಅಕ್ಕಪಕ್ಕದ ವೆಂಟ್‌ಗಳು ಗಟ್ಟಿಯಾಗಿದ್ದು ಮಧ್ಯದವು ಮಾತ್ರ ಅಲುಗಾಡುವುದನ್ನು ಕಂಡರೆ ನನಗೆ ಮೊದಲು ನೆನಪಾಗುವುದು ರೇಡಿಯೊ.

ಇನ್ನು ಕೆಲಸ. ಸುಡುಬಿಸಿಲಿನಲ್ಲೂ ಬೇಡ, ಚಳಿಯ ಬೆಳಿಗ್ಗೆಯೂ ಬೇಡ. ತಣ್ಣಗಿನ ಹಳೆಯ ಪ್ಲಾಸ್ಟಿಕ್ ಪಟ್ಟನೆ ಮುರಿಯುತ್ತದೆ, ತೀರಾ ಕಾದದ್ದು ಬಾಗಿ ಹಾಗೆಯೇ ಉಳಿಯುತ್ತದೆ. ಕಾರಿನ ಒಳಭಾಗ ಹಿತವಾಗಿ ಬೆಚ್ಚಗಿರುವ ಹೊತ್ತು ಒಳ್ಳೆಯದು. ವೆಂಟ್ ಸುತ್ತಲಿನ ಡ್ಯಾಶ್‌ಬೋರ್ಡಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಗೋಲವನ್ನು ಒಂದು ಬದಿಗೆ ಪೂರ್ತಿ ಹೊರಳಿಸಿ, ಟಾರ್ಚ್ ಬೆಳಕಿನಲ್ಲಿ ಒಳಗೆ ನೋಡಿ. ಗೂಡನ್ನು ಹಿಡಿದಿರುವ ಕೊಕ್ಕೆ ಎಲ್ಲಿದೆ ಎಂದು ಕಣ್ಣಿಗೆ ಕಾಣುವವರೆಗೂ ಏನನ್ನೂ ಎಳೆಯಬೇಡಿ. ಚಪ್ಪಟೆ ಪ್ಲಾಸ್ಟಿಕ್ ಪಟ್ಟಿಯಿಂದ, ಅದಿಲ್ಲದಿದ್ದರೆ ತುದಿಗೆ ಟೇಪ್ ಸುತ್ತಿದ ಚಿಕ್ಕ ಸ್ಕ್ರೂಡ್ರೈವರ್‌ನಿಂದ ಕೊಕ್ಕೆಯನ್ನು ಒತ್ತಿ, ಇನ್ನೊಂದು ಕೈಯಿಂದ ಗೂಡನ್ನು ಸ್ವಲ್ಪ ಮುಂದಕ್ಕೆ ತನ್ನಿ, ಆಮೇಲೆ ಎದುರು ಬದಿ. ಒಂದೇ ಕಡೆಯಿಂದ ಮೀಟಿ ಎಬ್ಬಿಸಿದರೆ ಉಳಿದಿರುವ ಕೊಕ್ಕೆಯೂ ಹೋಗುತ್ತದೆ.

ವೆಂಟ್ ಹೊರಬಂದ ಕೂಡಲೇ ಹಿಂದೆ ಕಾಣುವ ಗಾಳಿಕೊಳವೆಯ ಬಾಯಿಗೆ ಒಂದು ಬಟ್ಟೆ ತುರುಕಿ. ಒಂದು ಸ್ಕ್ರೂ, ಒಂದು ಕೊಕ್ಕೆಯ ಚೂರು ಒಳಗೆ ಬಿದ್ದರೂ ಅದನ್ನು ಹುಡುಕುವುದು ಇಡೀ ಈ ಕೆಲಸಕ್ಕಿಂತ ದೊಡ್ಡ ಕೆಲಸ. ಬಟ್ಟೆಯ ತುದಿ ಹೊರಗೆ ಇಳಿಬಿದ್ದಿರಲಿ, ಮರೆತು ಮುಚ್ಚುವಂತಾಗಬಾರದು.

ನಿಮ್ಮದು 1992ರ ಕಾರಾದ್ದರಿಂದ ಏರ್‌ಬ್ಯಾಗ್ ಸ್ಟೀರಿಂಗ್‌ನಲ್ಲಿ ಮಾತ್ರ ಇದೆ, ಮಧ್ಯದ ವೆಂಟ್‌ಗಳ ಕೆಲಸ ಅದರ ಹತ್ತಿರ ಸುಳಿಯುವುದಿಲ್ಲ. ಅಮೆರಿಕದಲ್ಲಿ 1994ರಿಂದ ಬಂದ ಮಿಯಾಟಾಗಳಲ್ಲಿ ಪಕ್ಕದ ಪ್ರಯಾಣಿಕರ ಎದುರಿಗೂ ಏರ್‌ಬ್ಯಾಗ್ ಇದೆ. ಅಂಥ ಕಾರಿನಲ್ಲಿ ಆ ಬದಿಯ ವೆಂಟ್ ಮುಟ್ಟುವವರು ಮೊದಲು ಡಿಕ್ಕಿಯಲ್ಲಿರುವ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ, ಸ್ವಲ್ಪ ಹೊತ್ತು ಬಿಟ್ಟು ಕೈ ಹಾಕಬೇಕು.

ಗೂಡು ಮತ್ತು ಗೋಲವನ್ನು ಬೇರೆ ಮಾಡುವ ಮೊದಲು ಯಾವುದು ಮೇಲ್ಭಾಗ, ಯಾವುದು ಎಡ ವೆಂಟ್ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಬಿಡಿಸಿದ ಮೇಲೆ ಸೋಪಿನ ನೀರಿನಲ್ಲಿ ಚೆನ್ನಾಗಿ ತೊಳೆದು, ಒಣಗಿಸಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ. ಹಳೆಯ ಸಿಲಿಕೋನ್ ಜಿಡ್ಡು ಉಳಿದರೆ ಹೊಸದೇನೂ ಅಂಟುವುದಿಲ್ಲ. ಪೆಟ್ರೋಲ್, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಹತ್ತಿರವೂ ಬೇಡ. ಪ್ಲಾಸ್ಟಿಕ್ ಕರಗುತ್ತದೆ ಅಥವಾ ಬಿರುಕು ಬಿಡುತ್ತದೆ.

ಈಗ ಗೂಡಿನ ಒಳಗೋಡೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಗೋಲ ಉಜ್ಜಿ ಉಜ್ಜಿ ನುಣುಪಾದ ಜಾಗಗಳು ಮಿನುಗುತ್ತವೆ. ಫೆಲ್ಟ್, ಅಂದರೆ ನಾರುಗಳನ್ನು ಒತ್ತಿ ಮಾಡಿದ ಮೆತ್ತನೆಯ ಬಟ್ಟೆ, ಕೂರಬೇಕಾದದ್ದು ಅಲ್ಲೇ. ಹಿಂಬದಿಯಲ್ಲಿ ಅಂಟು ಇರುವ, ಒಂದು ಮಿಲಿಮೀಟರ್ ದಪ್ಪದ ಫೆಲ್ಟ್ ಹಾಳೆ ಕರಕುಶಲ ಸಾಮಗ್ರಿಯ ಅಂಗಡಿಯಲ್ಲಿ ಸಿಗುತ್ತದೆ. ಅಕ್ರಿಲಿಕ್ ಅಂಟಿನದು ಸಿಕ್ಕರೆ ಅದನ್ನೇ ಆರಿಸಿ, ಬಿಸಿಲಿಗೆ ರಬ್ಬರ್ ಅಂಟಿಗಿಂತ ಚೆನ್ನಾಗಿ ತಡೆಯುತ್ತದೆ. ಒಂದು ಸೆಂಟಿಮೀಟರ್ ಅಗಲದ ಮೂರು ಚೂರು ಕತ್ತರಿಸಿ ಸುತ್ತಲೂ ಸಮ ಅಂತರದಲ್ಲಿ ಅಂಟಿಸಿ. ಗೂಡಿಗೇ ಅಂಟಿಸಬೇಕು. ಗೋಲಕ್ಕೆ ಅಂಟಿಸಿದರೆ ಅದು ಹೊರಳಿದಾಗ ಚೂರು ಕಣ್ಣಿಗೆ ಬೀಳುತ್ತದೆ, ಅಂಚು ಎದ್ದು ಬರುತ್ತದೆ.

ಸುತ್ತಲೂ ಪೂರ್ತಿ ಫೆಲ್ಟ್ ಹೊದಿಸುವ ಆಸೆ ಬಹಳ ಜನರಿಗೆ ಬರುತ್ತದೆ, ಕೆಲಸ ಕೆಡುವುದೂ ಅಲ್ಲಿಯೇ. ಗೋಲ ಅತಿ ಬಿಗಿಯಾದರೆ ನೀವು ಅದನ್ನು ತಿರುಗಿಸುವಾಗಿನ ಬಲವೆಲ್ಲ ಗೂಡಿನ ಕೊಕ್ಕೆಗಳ ಮೇಲೆ ಬೀಳುತ್ತದೆ, ಆಮೇಲೆ ಇಡೀ ವೆಂಟ್ ಕೈಗೆ ಬರುತ್ತದೆ. ಮೂರು ಚೂರು ಹಾಕಿ ಜೋಡಿಸಿ, ಗೋಲವನ್ನು ಮೇಲ್ಮುಖವಾಗಿ ಇಟ್ಟು, ಗೂಡನ್ನು ಅಂಗೈಗೆ ಗಟ್ಟಿಯಾಗಿ ತಟ್ಟಿ ನೋಡಿ. ಅಲುಗದೆ ನಿಂತು, ಒಂದೇ ಬೆರಳಿನ ಒತ್ತಡಕ್ಕೆ ಹೊರಳಿದರೆ ಸರಿಯಾಗಿದೆ. ಇನ್ನೂ ಜಾರಿದರೆ ನಡುವೆ ಒಂದೊಂದೇ ಚೂರು ಸೇರಿಸುತ್ತ ಹೋಗಿ. ಕಾರಿಗೆ ಕೂರಿಸುವ ಮೊದಲೇ ಎರಡೂ ವೆಂಟ್‌ಗಳ ಬಿಗಿ ಒಂದೇ ಸಮ ಇರುವಂತೆ ನೋಡಿಕೊಳ್ಳಿ. ಬಲದ್ದು ಸಡಿಲ, ಎಡದ್ದು ಬಿಗಿ ಎಂದಾದರೆ ಪ್ರತಿ ಸಲ ಕೈಗೆ ತಿಳಿಯುತ್ತದೆ.

ಫೆಲ್ಟ್ ಸಿಗದಿದ್ದರೆ ವೆಲ್ಕ್ರೋ ಪಟ್ಟಿಯ ಮೆತ್ತನೆಯ ಬದಿ ಆಗಬಹುದು, ಆದರೆ ಅದು ದಪ್ಪ, ಇನ್ನೂ ಚಿಕ್ಕ ಚೂರುಗಳು ಸಾಕಾಗುತ್ತವೆ. ಸ್ಪಂಜಿನ ಟೇಪ್ ಬೇಡ. ಆ ಸ್ಪಂಜು ಶಾಖ ಮತ್ತು ತೇವಕ್ಕೆ ಕೆಲವು ವರ್ಷಗಳಲ್ಲಿ ಪುಡಿಯಾಗಿ, ಪುಡಿ ನಿಮ್ಮ ಮುಖಕ್ಕೇ ಹಾರುತ್ತದೆ. ವೈರಿಂಗ್‌ಗೆ ಬಳಸುವ ಇನ್ಸುಲೇಷನ್ ಟೇಪ್ ಕೂಡ ಬೇಸಿಗೆಯಲ್ಲಿ ಅಂಟು ಬಿಟ್ಟು ಜಿಗುಟಾಗುತ್ತದೆ.

ಗಡಗಡ ಎನ್ನುವ ಆ ಒಂದು ಗೂಡಿನ ಕೊಕ್ಕೆ ನಿಜವಾಗಿಯೂ ಮುರಿದಿದೆಯೇ ನೋಡಿ. ಮುರಿದಿಲ್ಲ, ಬರೀ ಸವೆದಿದೆ ಎಂದರೆ ಗೂಡಿನ ಹೊರಮೈಗೆ ಇದೇ ಫೆಲ್ಟಿನ ಪಟ್ಟಿ ಸುತ್ತಿ ಕೂರಿಸಿದರೆ ಸದ್ದು ನಿಲ್ಲುತ್ತದೆ. ಸಂದಿಯಲ್ಲಿ ಡ್ಯಾಶ್‌ಬೋರ್ಡ್ ಒಳಕ್ಕೆ ಸೋರುತ್ತಿದ್ದ ಗಾಳಿಯೂ ಕಡಿಮೆಯಾಗುತ್ತದೆ. ಇದು ಆಸ್ಟಿನ್‌ನಂಥ ಊರಿನಲ್ಲಿ ಚಿಕ್ಕ ಲಾಭವಲ್ಲ, ಆದ್ದರಿಂದ ಎರಡೂ ವೆಂಟ್‌ಗಳಿಗೆ ಮಾಡಿ ಎಂದೇ ಹೇಳುತ್ತೇನೆ. ಮುರಿದಿದ್ದರೆ ಪ್ಲಾಸ್ಟಿಕ್ ಯಾವುದೆಂದು ತಿಳಿಯಬೇಕು. ಭಾಗದ ಹಿಂಬದಿಯಲ್ಲಿ ಎಬಿಎಸ್ ಅಥವಾ ಪಿಪಿ (ಪಾಲಿಪ್ರೊಪಿಲೀನ್) ಎಂದು ಪ್ಲಾಸ್ಟಿಕ್‌ನ ಹೆಸರು ಅಚ್ಚಾಗಿರಬಹುದು. ಇಲ್ಲದಿದ್ದರೆ ಮುರಿದ ಚೂರನ್ನು ನೀರಿಗೆ ಹಾಕಿ. ಪಾಲಿಪ್ರೊಪಿಲೀನ್ ತೇಲುತ್ತದೆ, ಎಬಿಎಸ್ ಮುಳುಗುತ್ತದೆ. ಮುಳುಗಿದ್ದಕ್ಕೆ ಹಿಂದೆ ಸಣ್ಣ ಪ್ಲಾಸ್ಟಿಕ್ ತುಂಡಿನ ಆಸರೆ ಕೊಟ್ಟು ಎಪಾಕ್ಸಿ ಅಂಟು ಹಚ್ಚಿದರೆ ನಿಲ್ಲುತ್ತದೆ. ತೇಲಿದ್ದಕ್ಕೆ ಸಾಮಾನ್ಯ ಅಂಟು ಯಾವುದೂ ಹಿಡಿಯುವುದಿಲ್ಲ. ಆಗ ಮಾತ್ರ ಬೇರೆ ವೆಂಟ್ ಹುಡುಕಿ.

ಗುಜರಿಯಿಂದ ತರುವ ವೆಂಟ್ ಕೂಡ ನಿಮ್ಮದರಷ್ಟೇ ಹಳೆಯದು, ಅದಕ್ಕೂ ಫೆಲ್ಟ್ ಬೇಕಾಗುತ್ತದೆ ಎಂಬುದು ನೆನಪಿರಲಿ. ಮಜ್ದಾ ಕಂಪನಿಯೇ ಈ ಮೊದಲ ತಲೆಮಾರಿನ ಕಾರುಗಳಿಗಾಗಿ ಜಪಾನಿನಲ್ಲಿ ಪುನಶ್ಚೇತನ ಸೇವೆಯನ್ನು 2017ರಲ್ಲಿ ಘೋಷಿಸಿ, ಛಾವಣಿಯ ಬಟ್ಟೆ, ನಾರ್ಡಿ ಕಂಪನಿಯ ಸ್ಟೀರಿಂಗ್‌ನಂಥ ಭಾಗಗಳನ್ನು ಮರಳಿ ತಯಾರಿಸಿತು. ಹಳೆಯ ಕಾರಿನ ಮೂಲ ಭಾಗಕ್ಕೆ ಅಷ್ಟು ಬೆಲೆ ಇದೆ. ನಿಮ್ಮ ಕೈಯಲ್ಲಿರುವ ಗೋಲ ಕಾರ್ಖಾನೆಯಿಂದ ಬಂದದ್ದು, ಅದನ್ನು ಉಳಿಸಿಕೊಳ್ಳಿ. ಗೋಲದ ಅಂಚಿಗೆ ಕೂರಿಸುವ ಲೋಹದ ಅಲಂಕಾರದ ಬಳೆ ಹಾಕುವ ಯೋಚನೆ ಇದ್ದರೆ, ಅದರ ಭಾರವೂ ಗೋಲವನ್ನು ಕೆಳಗೆ ಎಳೆಯುತ್ತದೆ. ಬಳೆ ಹಾಕಿದ ಮೇಲೆಯೇ ಫೆಲ್ಟಿನ ಬಿಗಿ ಪರೀಕ್ಷಿಸಿ.

ಪ್ರಶ್ನೆ: ನನ್ನ ಹಳೆಯ ಹ್ಯಾಚ್‌ಬ್ಯಾಕ್‌ನ ವೆಂಟ್ ದುಂಡಗಿಲ್ಲ, ಅಡ್ಡ ಪಟ್ಟಿಗಳಿರುವಂಥದ್ದು. ನಡುವಿನ ಒಂದು ಪಟ್ಟಿ ಮಾತ್ರ ಜೋತುಬಿದ್ದಿದೆ. ಫೆಲ್ಟ್ ಉಪಾಯ ಇದಕ್ಕೂ ಆಗುತ್ತದೆಯೇ? (ಬೆಂಗಳೂರಿನ ಓದುಗರು)

ಉತ್ತರ: ಆಗುವುದಿಲ್ಲ. ಪಟ್ಟಿಗಳೆಲ್ಲ ಹಿಂಬದಿಯ ಒಂದು ಸಣ್ಣ ಕಡ್ಡಿಗೆ ಸೇರಿಕೊಂಡು ಒಟ್ಟಿಗೆ ತಿರುಗುತ್ತವೆ. ಒಂದೇ ಜೋತುಬಿದ್ದರೆ ಅದು ಕಡ್ಡಿಯಿಂದ ಕಳಚಿದೆ ಅಥವಾ ತುದಿಯ ಮೊಳೆಯಂಥ ಪ್ಲಾಸ್ಟಿಕ್ ಮುರಿದಿದೆ. ಕಳಚಿದ್ದಾದರೆ ಚಿಮಟದಿಂದ ಮತ್ತೆ ಸಿಕ್ಕಿಸಬಹುದು. ವೆಂಟ್‌ಗೆ ಮೊಬೈಲ್ ಹೋಲ್ಡರ್ ಸಿಕ್ಕಿಸುತ್ತಿದ್ದೀರಾ ನೋಡಿ. ಪಟ್ಟಿಗಳು ಗಾಳಿಯನ್ನು ತಿರುಗಿಸಲು ಮಾಡಿದವು, ಉಬ್ಬುತಗ್ಗುಗಳಲ್ಲಿ ಫೋನಿನ ಭಾರ ಹೊರುವಷ್ಟು ಶಕ್ತಿ ಅವಕ್ಕಿಲ್ಲ. ಹೋಲ್ಡರನ್ನು ಗಾಜಿಗೆ ಅಥವಾ ಡ್ಯಾಶ್‌ಬೋರ್ಡ್ ಮೇಲಕ್ಕೆ ವರ್ಗಾಯಿಸಿ, ಆಮೇಲೆ ಪಟ್ಟಿ ಸರಿಪಡಿಸಿ.