ತಲಿಲಿನ್ ರೈಲು ಉಳಿದ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮುಚ್ಚಿಹೋಗುವ ಸ್ಥಿತಿಯಲ್ಲಿದ್ದ ಉಗಿ ರೈಲು ಮಾರ್ಗಗಳನ್ನು ಹವ್ಯಾಸಿಗಳೇ ವಹಿಸಿಕೊಂಡು ನಡೆಸುವ ಪದ್ಧತಿ ಇಂಗ್ಲೆಂಡಿನಲ್ಲಿ ಆರಂಭವಾಯಿತೆಂದು ಓದಿದ್ದೇನೆ. ಮೊದಲ ಮಾರ್ಗ ಯಾವುದು? ಅದು ಅವರ ಕೈಗೆ ಬಂದದ್ದು ಹೇಗೆ?

ಉತ್ತರ: ಅದು ಆರಂಭವಾದದ್ದು ಇಂಗ್ಲೆಂಡಿನಲ್ಲಲ್ಲ, ಪಕ್ಕದ ವೇಲ್ಸ್‌ನಲ್ಲಿ. ಅಲ್ಲಿನ ಪಶ್ಚಿಮ ಕರಾವಳಿಯ ಟೈವಿನ್ ಪಟ್ಟಣದಿಂದ ಒಳನಾಡಿನ ಬೆಟ್ಟಗಳತ್ತ ಸಾಗುವ ತಲಿಲಿನ್ ರೈಲ್ವೆಯೇ ಸ್ವಯಂಸೇವಕರು ಉಳಿಸಿ ನಡೆಸಿದ ಜಗತ್ತಿನ ಮೊದಲ ರೈಲು ಮಾರ್ಗ. ಬ್ರಿನ್ ಎಗ್ಲ್ವಿಸ್ ಗಣಿಯ ಸ್ಲೇಟುಕಲ್ಲನ್ನು ಕರಾವಳಿಗೆ ಸಾಗಿಸಲು 1865ರಲ್ಲಿ ಹಾಕಿದ ಈ ಮಾರ್ಗದಲ್ಲಿ ಎರಡು ಹಳಿಗಳ ನಡುವಿನ ಅಂತರ ಕೇವಲ 2 ಅಡಿ 3 ಅಂಗುಲ. 1911ರಲ್ಲಿ ಗಣಿಯನ್ನೂ ರೈಲನ್ನೂ ಕೊಂಡ ಸರ್ ಹೆನ್ರಿ ಹೇಡನ್ ಜೋನ್ಸ್ ಅವರು ಆ ಭಾಗದ ಸಂಸತ್ ಸದಸ್ಯರೂ ಆಗಿದ್ದರು. 1946ರ ಕೊನೆಯಲ್ಲಿ ಗಣಿ ಕುಸಿದು ಮುಚ್ಚಿದ ಮೇಲೆ ರೈಲಿಗೆ ಸರಕೇ ಇಲ್ಲದಂತಾಯಿತು. ಆದರೂ ತಾವು ಬದುಕಿರುವವರೆಗೆ ಅದು ಓಡುತ್ತದೆ ಎಂದು ಹೇಳಿದ್ದ ಜೋನ್ಸ್ ಬೇಸಿಗೆಯಲ್ಲಿ ನಷ್ಟದಲ್ಲಿಯೇ ಅದನ್ನು ನಡೆಸುತ್ತ ಬಂದರು. ಅವರು ತೀರಿಕೊಂಡದ್ದು 1950ರ ಜುಲೈನಲ್ಲಿ.

ಆ ವೇಳೆಗೆ ಬ್ರಿಟನ್ನಿನ ಬಹುತೇಕ ರೈಲುಗಳು ರಾಷ್ಟ್ರೀಕರಣಗೊಂಡಿದ್ದವು. 1947ರ ಸಾರಿಗೆ ಕಾಯಿದೆ ಸರ್ಕಾರಕ್ಕೆ ಸೇರಿಸಿಕೊಂಡ ಕಂಪನಿಗಳ ಪಟ್ಟಿಯಲ್ಲಿ ತಲಿಲಿನ್‌ನ ಹೆಸರು ಇರಲಿಲ್ಲ. ನನ್ನ ದೃಷ್ಟಿಯಲ್ಲಿ ಈ ಮಾರ್ಗದ ಪಾಲಿಗೆ ಒದಗಿದ ದೊಡ್ಡ ಅದೃಷ್ಟ ಇದೇ, ಏಕೆಂದರೆ ಪಟ್ಟಿಗೆ ಸೇರಿದ್ದರೆ ಇಷ್ಟು ಸಣ್ಣ ಮಾರ್ಗವನ್ನು ಮುಚ್ಚಲು ಒಂದು ಆದೇಶವೇ ಸಾಕಾಗುತ್ತಿತ್ತು. ನೆರೆಯ ಕೋರಿಸ್ ರೈಲ್ವೆಗೆ 1948ರಲ್ಲಿ ಆದದ್ದು ಅದೇ. ತಲಿಲಿನ್ ಖಾಸಗಿಯಾಗಿಯೇ ಉಳಿದಿದ್ದರಿಂದ ಅದನ್ನು ಬಿಟ್ಟುಕೊಡುವ ಅಧಿಕಾರ ಒಂದು ಕುಟುಂಬದ ಕೈಯಲ್ಲಿತ್ತು. ಎಂಜಿನಿಯರ್ ಆಗಿದ್ದ, ಒಳನಾಡಿನ ಕಾಲುವೆಗಳನ್ನು ಉಳಿಸುವ ಸಂಘವನ್ನು ಅದಕ್ಕೆ ಮೊದಲೇ ಕಟ್ಟಿದ್ದ ಟಾಮ್ ರೋಲ್ಟ್ 1950ರ ಅಕ್ಟೋಬರ್ 11ರಂದು ಬರ್ಮಿಂಗ್‌ಹ್ಯಾಮ್‌ನ ಹೋಟೆಲೊಂದರಲ್ಲಿ ಸಭೆ ಕರೆದರು. ಅಲ್ಲಿಂದ ಸಂರಕ್ಷಣಾ ಸಂಘ ಹುಟ್ಟಿತು. ಜೋನ್ಸ್ ಅವರ ಪತ್ನಿ ತಮ್ಮ ಷೇರುಗಳನ್ನು ಸಂಘಕ್ಕಾಗಿ ರಚಿಸಿದ ಕಂಪನಿಗೆ ವರ್ಗಾಯಿಸಿದರು. 1951ರ ಮೇ 14ರಂದು ಹೊಸ ಆಡಳಿತದ ಮೊದಲ ರೈಲು ಟೈವಿನ್‌ನ ವಾರ್ಫ್ ನಿಲ್ದಾಣದಿಂದ ಹೊರಟಿತು.

ಪ್ರಶ್ನೆ: ಮೊದಲ ವರ್ಷಗಳಲ್ಲಿ ಅವರ ಬಳಿ ಎಂಜಿನ್‌ಗಳೇ ಇರಲಿಲ್ಲವೆಂದು ಕೇಳಿದ್ದೇನೆ. ನಿಜವೇ?

ಉತ್ತರ: ಬಹುಮಟ್ಟಿಗೆ ನಿಜ. ಮಾರ್ಗ ಹುಟ್ಟಿದಾಗಿನಿಂದ ಇದ್ದದ್ದು ಎರಡೇ ಎಂಜಿನ್: ಒಂದನೆಯ ಸಂಖ್ಯೆಯ ತಲಿಲಿನ್, ಎರಡನೆಯ ಸಂಖ್ಯೆಯ ಡೋಲ್ಗೋಕ್. ಎರಡೂ ವೈಟ್‌ಹೇವನ್‌ನ ಫ್ಲೆಚರ್ ಜೆನ್ನಿಂಗ್ಸ್ ಕಾರ್ಖಾನೆಯಲ್ಲಿ ತಯಾರಾದವು. 1951ರಲ್ಲಿ ತಲಿಲಿನ್ ಓಡುವ ಸ್ಥಿತಿಯಲ್ಲಿ ಇರಲಿಲ್ಲ. ಎಂಬತ್ತು ವರ್ಷ ದಾಟಿದ ಡೋಲ್ಗೋಕ್ ಒಂದೇ ಇಡೀ ಮಾರ್ಗದ ಭಾರ ಹೊತ್ತಿತ್ತು, ಅದು ಕೆಟ್ಟುನಿಂತರೆ ಅಂದಿನ ಸಂಚಾರವೂ ನಿಂತಂತೆ.

ಆಗ ನೆರವಾದದ್ದು ಮುಚ್ಚಿಹೋದ ಕೋರಿಸ್ ರೈಲ್ವೆ. ಅದರ ಹಳಿಗಳ ಅಂತರವೂ 2 ಅಡಿ 3 ಅಂಗುಲವೇ ಆಗಿತ್ತು, ಬ್ರಿಟನ್ನಿನಲ್ಲಿ ಇದು ತೀರ ಅಪರೂಪದ ಅಳತೆ. ಅದರ ಎರಡು ಎಂಜಿನ್‌ಗಳು ಮಖಾನ್ಹ್‌ಲೆತ್ ನಿಲ್ದಾಣದಲ್ಲಿ ಕೆಲಸವಿಲ್ಲದೆ ನಿಂತಿದ್ದವು. ಸಂಘವು ಅವನ್ನು 1951ರಲ್ಲಿ ಬ್ರಿಟಿಷ್ ರೈಲ್ವೇಸ್‌ನಿಂದ ತಲಾ 25 ಪೌಂಡಿಗೆ ಕೊಂಡಿತು. ಅವುಗಳ ಸಂಖ್ಯೆ ಮೊದಲಿನಿಂದಲೂ 3 ಮತ್ತು 4 ಆಗಿದ್ದರಿಂದ ತಲಿಲಿನ್‌ಗೆ ಬಂದಾಗ ಬಣ್ಣ ಬಳಿದು ಸಂಖ್ಯೆ ಬದಲಿಸುವ ಕೆಲಸವೂ ಉಳಿಯಿತು. ಮೂರನೆಯದಕ್ಕೆ ಸರ್ ಹೇಡನ್ ಎಂದೂ ನಾಲ್ಕನೆಯದಕ್ಕೆ ಹಳೆಯ ವ್ಯವಸ್ಥಾಪಕ ಎಡ್ವರ್ಡ್ ಥಾಮಸ್ ಅವರ ಹೆಸರನ್ನೂ ಇಟ್ಟರು.

ಸರ್ ಹೇಡನ್ ಮೊದಲು ಹಳಿಗಿಳಿಯಿತು. ಆದರೆ ಮತ್ತೆ ಮತ್ತೆ ಹಳಿ ತಪ್ಪತೊಡಗಿತು. ಅಳೆದು ನೋಡಿದಾಗ ಹಳಿಗಳನ್ನು ಹೇಳಿದ ಅಳತೆಗಿಂತ ಸುಮಾರು ಅರ್ಧ ಅಂಗುಲ ಅಗಲಕ್ಕೆ ಹಾಕಿರುವುದು ಗೊತ್ತಾಯಿತು. ಇದು ಯಾರದೋ ಅಜಾಗರೂಕತೆಯಲ್ಲ. ಡೋಲ್ಗೋಕ್ ಎಂಜಿನ್ನಿನ ಮುಂದಿನ ಮತ್ತು ಹಿಂದಿನ ಗಾಲಿಗಳ ನಡುವಿನ ದೂರ ಹೆಚ್ಚಾಗಿದ್ದುದರಿಂದ ಅದು ತಿರುವುಗಳಲ್ಲಿ ಸಲೀಸಾಗಿ ಹೊರಳಲಿ ಎಂದು ಹಳೆಯ ಕಂಪನಿಯೇ ಬೇಕೆಂದು ಬಿಟ್ಟ ಸಡಿಲ. ಆ ಎರಡು ಹಳೆಯ ಎಂಜಿನ್‌ಗಳ ಗಾಲಿಗಳಲ್ಲಿ ಹಳಿಯ ಮೇಲೆ ಉರುಳುವ ಭಾಗ ವಿಶೇಷವಾಗಿ ಅಗಲವಾಗಿತ್ತು, ಹಾಗಾಗಿ ಹಳಿಗಳು ಎಷ್ಟು ಸರಿದರೂ ಗಾಲಿ ಅವುಗಳ ಮೇಲೆಯೇ ನಿಲ್ಲುತ್ತಿತ್ತು. ಕೋರಿಸ್‌ನಿಂದ ಬಂದ ಎಂಜಿನ್ನಿಗೆ ಆ ಅನುಕೂಲ ಇರಲಿಲ್ಲ, ಅದರ ಗಾಲಿಗಳು ಹಳಿಗಳ ನಡುವೆ ಜಾರಿ ಬೀಳುತ್ತಿದ್ದವು. ಕೆಳಗಿನ ಮರದ ಸ್ಲೀಪರುಗಳು ಕೊಳೆತಿದ್ದುದು ಇದಕ್ಕೆ ಸೇರಿಕೊಂಡಿತು.

ಹೀಗಾಗಿ ಆ ದಶಕದ ನಿಜವಾದ ಕಥೆ ಉಗಿ ಎಂಜಿನ್ನಿನದಲ್ಲ, ಹಳಿಯದು ಎಂದೇ ನಾನು ಹೇಳುತ್ತೇನೆ. ರಜಾದಿನಗಳಲ್ಲಿ ಎಂಜಿನ್ ಓಡಿಸುವ ಆಸೆಯಿಂದ ಬಂದ ಸದಸ್ಯರಲ್ಲಿ ಹೆಚ್ಚಿನವರ ಪಾಲಿಗೆ ಬಂದದ್ದು ಗುದ್ದಲಿ. ಹುಲ್ಲು ಕೆತ್ತುವುದು, ಕೊಳೆತ ಸ್ಲೀಪರನ್ನು ಎಳೆದು ಹೊಸದನ್ನು ಕೂಡಿಸುವುದು, ಅಡಿಯಲ್ಲಿ ಜಲ್ಲಿ ತುಂಬಿ ಗಟ್ಟಿ ಮಾಡುವುದು, ಅಂತರ ಅಳೆದು ಹಳಿಯನ್ನು ಬಿಗಿಯುವುದು: ಇಷ್ಟನ್ನೂ ಮೈಲಿ ಮೈಲಿಗೆ ಮಾಡಬೇಕಾಯಿತು. ರಾಯಲ್ ಎಂಜಿನಿಯರ್ಸ್‌ನ ಮೀಸಲು ಪಡೆಯವರು ತಮ್ಮ ತರಬೇತಿಯ ಭಾಗವಾಗಿ ಹಳಿ ಹಾಕಲು ನೆರವಾದರು. ನಾಲ್ಕನೆಯ ಎಂಜಿನ್ನನ್ನು ಲೀಡ್ಸ್‌ನ ಹನ್ಸ್‌ಲೆಟ್ ಕಾರ್ಖಾನೆ ಹಣ ಪಡೆಯದೆ ದುರಸ್ತಿ ಮಾಡಿಕೊಟ್ಟಿತು. ಅದು 1952ರಿಂದ ಓಡಿತು. ಹಳೆಯ ತಲಿಲಿನ್ ಪೂರ್ಣವಾಗಿ ದುರಸ್ತಿಯಾಗಿ ಮರಳಿದ್ದು 1958ರಲ್ಲಿ. ಬಳಲಿಹೋದ ಡೋಲ್ಗೋಕ್ ದುರಸ್ತಿಗೆಂದು ಹೋದದ್ದು ಮತ್ತೆ ಬಂದದ್ದು 1963ಕ್ಕೆ.

ಪ್ರಶ್ನೆ: ಅಲ್ಲಿನ ಬೋಗಿಗಳಿಗೆ ಒಂದೇ ಬದಿಯಲ್ಲಿ ಬಾಗಿಲು ಇರುವುದೇಕೆ?

ಉತ್ತರ: 1866ರಲ್ಲಿ ಸರ್ಕಾರಿ ತಪಾಸಣಾಧಿಕಾರಿ ಕ್ಯಾಪ್ಟನ್ ಟೈಲರ್ ಬಂದು ಅಳೆದಾಗ, ಸೇತುವೆಗಳ ಕೆಳಗೆ ಬೋಗಿಗೂ ಗೋಡೆಗೂ ನಡುವೆ ಎರಡು ಅಡಿಗೂ ಕಡಿಮೆ ಜಾಗವಿತ್ತು. ಅಪಘಾತವಾದರೆ ಜನ ಹೊರಬರಲು ಅದು ಸಾಲದು. ಸೇತುವೆಗಳನ್ನು ಒಡೆದು ಕಟ್ಟುವ ಬದಲು ಹಳಿಯನ್ನು ಒಂದು ಪಕ್ಕಕ್ಕೆ ಸರಿಸಿ, ಇನ್ನೊಂದು ಪಕ್ಕದಲ್ಲಿ ಸಾಕಷ್ಟು ಜಾಗ ಮಾಡಿ, ಇಕ್ಕಟ್ಟಾದ ಕಡೆಯ ಬಾಗಿಲುಗಳನ್ನು ಶಾಶ್ವತವಾಗಿ ಮುಚ್ಚಿದರು. ಅಗ್ಗದ ಉಪಾಯವಾದರೂ ಚೆನ್ನಾಗಿಯೇ ಇದೆ. ಪ್ಲಾಟ್‌ಫಾರ್ಮ್‌ಗಳು ಒಂದೇ ಬದಿಯಲ್ಲಿರುವುದು ಇದರಿಂದಲೇ.

ಪ್ರಶ್ನೆ: ತಲಿಲಿನ್‌ನ ಯಶಸ್ಸನ್ನು ಕಂಡು ಬೇರೆಯವರೂ ಇಂಥ ಪ್ರಯತ್ನ ಮಾಡಿದರೇ?

ಉತ್ತರ: ಮಾಡಿದರು, ಬಹಳ ಬೇಗ. ಉತ್ತರ ವೇಲ್ಸ್‌ನ ಫೆಸ್ಟಿನಿಯೋಗ್ ರೈಲ್ವೆ 1946ರಲ್ಲಿ ನಿಂತಿತ್ತು. ಅಲನ್ ಪೆಗ್ಲರ್ 1954ರಲ್ಲಿ ಅದರ ಹಿಡಿತ ಪಡೆದ ಮೇಲೆ, ಮರುವರ್ಷದ ಜುಲೈನಲ್ಲಿ ಪೋರ್ತ್‌ಮಡೋಗ್ ಕಡೆಯಿಂದ ಪ್ರಯಾಣಿಕರ ರೈಲು ಮತ್ತೆ ಓಡಿತು. 1957ರಲ್ಲಿ ಬಿಬಿಸಿ ತಲಿಲಿನ್ ಪ್ರಯಾಣವನ್ನು ದೂರದರ್ಶನದಲ್ಲಿ ನೇರ ಪ್ರಸಾರ ಮಾಡಿದಾಗ, ರೈಲಿನ ವಿಷಯದಲ್ಲಿ ಆಸಕ್ತಿಯೇ ಇಲ್ಲದವರಿಗೂ ಈ ಕೆಲಸ ಪರಿಚಯವಾಯಿತು. ಅಲ್ಲಿಯವರೆಗಿನ ಪ್ರಯತ್ನಗಳೆಲ್ಲ ಕಿರಿದಾದ ಹಳಿಗಳಿಗೆ ಸೀಮಿತವಾಗಿದ್ದವು. 1960ರಲ್ಲಿ ಲೀಡ್ಸ್‌ನ ಮಿಡಲ್‌ಟನ್ ರೈಲ್ವೆಯೂ ಸಸೆಕ್ಸ್‌ನ ಬ್ಲೂಬೆಲ್ ರೈಲ್ವೆಯೂ ಸಾಮಾನ್ಯ ಅಗಲದ ಹಳಿಗಳ ಮೇಲೆ ಅದೇ ಕೆಲಸ ಆರಂಭಿಸಿದವು. ಆದರೆ ದೊಡ್ಡ ಎಂಜಿನ್‌ಗಳಿಗೆ ಬೇಕಾದ ಹಣ ತಲಿಲಿನ್‌ನ 25 ಪೌಂಡಿನ ಲೆಕ್ಕಕ್ಕೆ ನಿಲುಕುವಂಥದ್ದಾಗಿರಲಿಲ್ಲ.