ದವಡೆ ಕೀಲಿಗೆ ಚಿಕಿತ್ಸೆ: ಜಾಗ ಮರಗಟ್ಟಿಸಿದರೆ ಸಾಕೇ, ಪ್ರಜ್ಞೆ ತಪ್ಪಿಸಬೇಕೇ?

ಪ್ರಶ್ನೆ: ನಾನು ಪ್ರಾಥಮಿಕ ಶಾಲಾ ಶಿಕ್ಷಕಿ, ವಯಸ್ಸು 36. ಎಂಟು ತಿಂಗಳಿಂದ ಬಲ ದವಡೆಯ ಕೀಲು ಹಿಡಿದುಕೊಂಡಿದೆ. ಬಾಯಿಯೊಳಗೆ ಎರಡು ಬೆರಳಿಗಿಂತ ಹೆಚ್ಚು ಹೋಗುವುದಿಲ್ಲ. ಮಾತ್ರೆ, ಹಲ್ಲಿಗೆ ಹಾಕುವ ಪ್ಲೇಟು ಎಲ್ಲ ಆಯಿತು. ಈಗ ಸೂಜಿ ಹಾಕಿ ಕೀಲು ತೊಳೆಯಬೇಕಂತೆ. ಒಬ್ಬ ವೈದ್ಯರು ಆ ಜಾಗವನ್ನಷ್ಟೇ ಮರಗಟ್ಟಿಸಿದರೆ ಸಾಕೆನ್ನುತ್ತಾರೆ. ಇನ್ನೊಬ್ಬರು ಪೂರ್ಣ ಅರಿವಳಿಕೆ ಬೇಕೆನ್ನುತ್ತಾರೆ. ಯಾವುದರಲ್ಲಿ ಬೇಗ ಪಾಠಕ್ಕೆ ಮರಳಬಹುದು?

ಉತ್ತರ: ನಿಮಗೆ ಹೇಳಿರುವುದು ಆರ್ಥ್ರೋಸೆಂಟೆಸಿಸ್. ಕಿವಿಯ ಮುಂದೆ ಎರಡು ಸೂಜಿ ಚುಚ್ಚಿ, ಒಂದರಿಂದ ಸಲೈನ್ ಅಥವಾ ರಿಂಗರ್ ಲ್ಯಾಕ್ಟೇಟ್ ದ್ರಾವಣ ಬಿಟ್ಟು, ಇನ್ನೊಂದರಿಂದ ಹೊರಗೆ ಹರಿಸುತ್ತಾರೆ. ನಿಮ್ಮಂತೆ ಬಾಯಿ ತೆರೆಯಲಾಗದೆ ಕಷ್ಟಪಡುವವರಿಗೆಂದೇ ದವಡೆ ಶಸ್ತ್ರಚಿಕಿತ್ಸಕಿ ಡೋರಿಟ್ ನಿಟ್ಜಾನ್ ಮತ್ತು ಸಂಗಡಿಗರು 1991ರಲ್ಲಿ ಈ ವಿಧಾನವನ್ನು ಪ್ರಕಟಿಸಿದರು. ಬೇರೆ ಕಾಯಿಲೆ ಅಥವಾ ವಿಪರೀತ ಭಯ ಇಲ್ಲದಿದ್ದರೆ ಇದಕ್ಕೆ ಸ್ಥಳೀಯ ಅರಿವಳಿಕೆಯೇ ಸಾಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಎಚ್ಚರವಿದ್ದರೆ ಕೀಲು ತೊಳೆಯುತ್ತಿರುವಾಗಲೇ ನೀವು ಬಾಯಿ ತೆರೆದು, ಮುಚ್ಚಿ, ದವಡೆಯನ್ನು ಅತ್ತಿತ್ತ ಸರಿಸಬಲ್ಲಿರಿ. ಎಷ್ಟು ಸಡಿಲವಾಯಿತು ಎಂಬುದು ಆಗಲೇ ತಿಳಿಯುತ್ತದೆ. ನೋವಾದರೆ ನೀವೇ ತಡೆಯುತ್ತೀರಿ. ಪ್ರಜ್ಞೆ ತಪ್ಪಿದವರ ದವಡೆಯನ್ನು ಅಗತ್ಯಕ್ಕಿಂತ ಹೆಚ್ಚು ಎಳೆದರೂ ಹೇಳುವವರಿರುವುದಿಲ್ಲ. ಒಂದು ವಿಷಯಕ್ಕೆ ಮಾತ್ರ ಗಾಬರಿಯಾಗಬೇಡಿ: ಮರಗಟ್ಟಿಸುವ ಮದ್ದು ಮುಖದ ನರಕ್ಕೂ ಹರಡಿದರೆ ಆ ಬದಿಯ ಕಣ್ಣಿನ ರೆಪ್ಪೆ ಕೆಲವು ಗಂಟೆ ಮುಚ್ಚುವುದಿಲ್ಲ. ಅಲ್ಲಿಯವರೆಗೆ ಕಣ್ಣಿಗೆ ಪಟ್ಟಿ ಹಾಕಿಸಿಕೊಳ್ಳಿ, ಸ್ಕೂಟರ್ ಓಡಿಸಬೇಡಿ. ದ್ರಾವಣ ಸ್ವಲ್ಪ ಒಳಗೇ ಉಳಿಯುವುದರಿಂದ ಒಂದೆರಡು ದಿನ ಕೆನ್ನೆ ಊದಿ, ಹಲ್ಲುಗಳು ಸರಿಯಾಗಿ ಕೂಡದಿರಬಹುದು. ಜೋಮು ಇಳಿಯುವ ಮೊದಲೇ ನೋವಿನ ಮಾತ್ರೆ ತೆಗೆದುಕೊಳ್ಳಿ.

ಪೂರ್ಣ ಅರಿವಳಿಕೆಯಾದರೆ ಆರು ಗಂಟೆ ಮೊದಲೇ ಊಟ ನಿಲ್ಲಿಸಬೇಕು, ಎರಡು ಗಂಟೆ ಮೊದಲು ನೀರನ್ನೂ. ಸಾಮಾನ್ಯವಾಗಿ ಮೂಗಿನ ಮೂಲಕ ನಳಿಕೆ ಇಳಿಸುವುದರಿಂದ ಗಂಟಲು ಕೆರೆಯುತ್ತದೆ, ಕೆಲವೊಮ್ಮೆ ಮೂಗಿನಿಂದ ರಕ್ತ ಬರುತ್ತದೆ. ಎಲ್ಲಕ್ಕಿಂತ ಕಷ್ಟವೆಂದರೆ ಎಚ್ಚರವಾದ ಮೇಲೆ ಆಗಬಹುದಾದ ವಾಂತಿ. ನೋಯುವ ದವಡೆಯನ್ನು ಅಗಲಿಸಿ ವಾಂತಿ ಮಾಡುವುದು ಸಣ್ಣ ಹಿಂಸೆಯಲ್ಲ. ಪ್ರಯಾಣದಲ್ಲಿ ವಾಂತಿಯಾಗುವ ಸ್ವಭಾವವಿದ್ದರೆ ಮೊದಲೇ ತಿಳಿಸಿ, ಪ್ರಜ್ಞೆ ತಪ್ಪಿಸಲು ಪ್ರೊಪೊಫಾಲ್‌ನಂಥ ಮದ್ದು ಆರಿಸಿಕೊಂಡು ಅದನ್ನು ಕಡಿಮೆ ಮಾಡಬಹುದು. ಹಾಗೆಂದು ಎರಡನೆಯ ವೈದ್ಯರ ಸಲಹೆ ತಪ್ಪೆಂದಲ್ಲ. ಸ್ನಾಯುಗಳು ಪೂರ್ತಿ ಸಡಿಲವಾದಾಗ ಬಾಯಿ ತಾನಾಗಿ ತೆರೆದುಕೊಂಡರೆ, ಬಿಗಿತ ಇರುವುದು ಕೀಲಿನಲ್ಲಲ್ಲ, ಸ್ನಾಯುವಿನಲ್ಲಿ ಎಂಬ ಸುಳಿವು ಸಿಗುತ್ತದೆ. ಅವರು ಹಾಗೆ ಹೇಳಿದ ಕಾರಣವನ್ನು ಕೇಳಿ ತಿಳಿದುಕೊಳ್ಳಿ.

ಅರಿವಳಿಕೆಯ ವ್ಯತ್ಯಾಸ ಕಾಣುವುದು ಮೊದಲ ಒಂದೆರಡು ದಿನ. ಆಮೇಲಿನ ಚೇತರಿಕೆ ಕೀಲಿನ ಸ್ಥಿತಿಯ ಮೇಲೆ, ನೀವು ತಪ್ಪದೆ ಮಾಡುವ ಬಾಯಿ ತೆರೆಯುವ ವ್ಯಾಯಾಮದ ಮೇಲೆ ನಿಂತಿದೆ. ವಾರಾಂತ್ಯಕ್ಕೆ ಸೇರಿಸಿ ನಾಲ್ಕೈದು ದಿನ ರಜೆ ಹಾಕಿ. ಮೆತ್ತಗಿನ ಅನ್ನ, ಗಂಜಿ ಉಣ್ಣಿ. ತರಗತಿಯಲ್ಲಿ ಗಟ್ಟಿ ದನಿಯ ಪಾಠವನ್ನು ಇನ್ನೂ ಕೆಲ ದಿನ ಮುಂದೂಡಿ.

ಪ್ರಶ್ನೆ: ತಂಗಿಯ ಮಗನಿಗೆ ಒಂಬತ್ತು ವರ್ಷ. ಚಿಕ್ಕಂದಿನಲ್ಲಿ ಗದ್ದ ಬಡಿದು ಬಿದ್ದ ಮೇಲೆ ದವಡೆ ಕೀಲು ಮೂಳೆಗೆ ಬೆಸೆದುಕೊಂಡಿದೆ, ಬಾಯಿ ತೆರೆಯುವುದೇ ಇಲ್ಲ. ಅವನಿಗೂ ಜಾಗ ಮರಗಟ್ಟಿಸಿ ಮಾಡಬಹುದೇ?

ಉತ್ತರ: ಆಗುವುದಿಲ್ಲ. ಬೆಸೆದ ಮೂಳೆಯನ್ನು ಕತ್ತರಿಸಿ ತೆಗೆಯುವ ಈ ಶಸ್ತ್ರಚಿಕಿತ್ಸೆಗೆ ಪೂರ್ಣ ಅರಿವಳಿಕೆ ಬೇಕೇ ಬೇಕು. ಬಾಯಿ ತೆರೆಯದ ಮಗುವಿಗೆ ಉಸಿರಿನ ನಳಿಕೆ ಇಳಿಸುವುದೇ ಇಲ್ಲಿ ದೊಡ್ಡ ಸವಾಲು. ಮಗು ತಾನಾಗಿ ಉಸಿರಾಡುತ್ತಿರುವಂತೆಯೇ ಮಂಪರಿನಲ್ಲಿಟ್ಟು, ಬಾಗುವ ತೆಳ್ಳನೆಯ ದುರ್ಬೀನನ್ನು ಮೂಗಿನಿಂದ ಇಳಿಸಿ, ಅದರ ಮೇಲೆ ನಳಿಕೆ ಜಾರಿಸುತ್ತಾರೆ. ಈ ಸಲಕರಣೆ ಮತ್ತು ಅದರಲ್ಲಿ ಪಳಗಿದ ಅರಿವಳಿಕೆ ತಜ್ಞರು ಇರುವ ಆಸ್ಪತ್ರೆಯನ್ನೇ ಆರಿಸಿ.

ಆಪರೇಷನ್ ಆದ ಕೆಲವೇ ದಿನಗಳಲ್ಲಿ ಬಾಯಿ ತೆರೆಸುವ ವ್ಯಾಯಾಮ ಶುರುವಾಗಿ, ತಿಂಗಳುಗಟ್ಟಲೆ ನಡೆಯಬೇಕು. ನೋವಿಗೆ ಹೆದರಿ ಮಗು ಬಾಯಿ ಬಿಗಿಹಿಡಿದರೆ ಕೀಲು ಮತ್ತೆ ಬೆಸೆಯುತ್ತದೆ. ಆದ್ದರಿಂದ ಗಾಯದ ಸುತ್ತ ಬುಪಿವಕೇನ್‌ನಂಥ, ದೀರ್ಘಕಾಲ ಮರಗಟ್ಟಿಸುವ ಮದ್ದು ಕೊಡುತ್ತಾರೆಯೇ, ವ್ಯಾಯಾಮಕ್ಕೆ ಮೊದಲು ಯಾವ ಔಷಧ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಇಂಥ ಮಕ್ಕಳ ಕೆಳದವಡೆ ಸಣ್ಣದಾಗಿಯೇ ಉಳಿದಿರುತ್ತದೆ. ರಾತ್ರಿ ಗೊರಕೆ ಹೊಡೆಯುತ್ತಾನೆಯೇ, ನಿದ್ದೆಯಲ್ಲಿ ಉಸಿರು ಕಟ್ಟಿ ಎದ್ದು ಕೂರುತ್ತಾನೆಯೇ ಎಂಬುದನ್ನು ಗಮನಿಸಿ ಅರಿವಳಿಕೆ ತಜ್ಞರಿಗೆ ಮುಂಚಿತವಾಗಿ ತಿಳಿಸಿ.