ಅತ್ತಿ ಮರ ಹೂ ಬಿಡುವುದೇ ಇಲ್ಲವೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಧಾಟಿಯವು: ‘ಈ ಮರದ ಬಗ್ಗೆ ಹೀಗೆ ಹೇಳುತ್ತಾರಲ್ಲ, ನಿಜವೇ?’ ಇಂಥ ಮಾತುಗಳಲ್ಲಿ ಸಾಮಾನ್ಯವಾಗಿ ಕಣ್ಣಿಗೆ ಕಂಡದ್ದು ಸರಿಯಿರುತ್ತದೆ, ಅದಕ್ಕೆ ಆಮೇಲೆ ಅಂಟಿಸಿದ ಕಾರಣ ತಪ್ಪಿರುತ್ತದೆ. ನಾಲ್ಕು ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇನೆ.

ಅರಳಿ ಮರ ರಾತ್ರಿಯೂ ಆಮ್ಲಜನಕ ಬಿಡುತ್ತದೆ, ಅದಕ್ಕೇ ಹಿಂದಿನವರು ಅದನ್ನು ಪೂಜಿಸಿದರು ಎಂದು ಓದಿದೆ. ಹೌದೇ?

ಇಲ್ಲ. ಎಲೆಯಿಂದ ಆಮ್ಲಜನಕ ಹೊರಬರುವುದು ಬೆಳಕಿನ ಬಲದಿಂದ ನೀರಿನ ಅಣು ಒಡೆದಾಗ. ಕತ್ತಲಾದ ಮೇಲೆ ಆ ಕೆಲಸ ನಿಲ್ಲುತ್ತದೆ, ಅರಳಿಗೂ ಅಷ್ಟೇ, ಬೇವಿಗೂ ಅಷ್ಟೇ. ಕಳ್ಳಿಯಂಥ ಕೆಲವು ಗಿಡಗಳು ರಾತ್ರಿ ಹೊತ್ತು ಪತ್ರರಂಧ್ರ ತೆರೆದು ಇಂಗಾಲದ ಡೈಆಕ್ಸೈಡನ್ನು ಕೂಡಿಟ್ಟುಕೊಳ್ಳುತ್ತವೆ. ಗೊಂದಲ ಹುಟ್ಟಿದ್ದು ಬಹುಶಃ ಅಲ್ಲಿಂದ. ಆದರೆ ಅವು ಕೂಡ ಆಮ್ಲಜನಕ ತಯಾರಿಸುವುದು ಹಗಲಿನಲ್ಲೇ.

ತಮಾಷೆಯೆಂದರೆ ಇದಕ್ಕೆ ತದ್ವಿರುದ್ಧವಾದ ‘ವೈಜ್ಞಾನಿಕ ಕಾರಣ’ವೂ ಚಾಲ್ತಿಯಲ್ಲಿದೆ: ಮರ ರಾತ್ರಿ ವಿಷಗಾಳಿ ಬಿಡುತ್ತದೆ, ಜನ ಅದರಡಿ ಮಲಗದಿರಲೆಂದು ದೆವ್ವದ ಕಥೆ ಕಟ್ಟಿದರು ಅಂತ. ಅದೂ ಸುಳ್ಳು. ಮರ ರಾತ್ರಿ ಉಸಿರಾಡುವುದು ನಿಜವೇ, ಆದರೆ ಬಯಲ ಗಾಳಿಯಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ.

ಹಾಗಾದರೆ ಈ ಮರದಲ್ಲಿ ಜನ ಕಂಡದ್ದೇನು? ಒಂದು ಎಲೆ ಕಿತ್ತು, ತೊಟ್ಟಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಊದಿ ನೋಡಿ. ತೊಟ್ಟು ಉದ್ದ, ತೆಳು. ಅಗಲದ ಎಲೆ ಅದರ ತುದಿಯಲ್ಲಿ ತೂಗುತ್ತದೆ. ಪಕ್ಕದ ಮರ ಮಿಸುಕದಷ್ಟು ಸಣ್ಣ ಗಾಳಿಗೂ ಅರಳಿ ಪಟಪಟಿಸುತ್ತದೆ, ಕಣ್ಣು ಮುಚ್ಚಿ ಕೇಳಿದರೆ ಮಳೆ ಬಿದ್ದಂತೆ. ಅಮರಕೋಶ ಇದನ್ನು ‘ಚಲದಲ’ ಎನ್ನುತ್ತದೆ, ಅಲುಗುವ ಎಲೆಯುಳ್ಳದ್ದು. ಅದೇ ಸಾಲಿನಲ್ಲಿ ‘ಕುಂಜರಾಶನ’ ಎಂಬ ಹೆಸರೂ ಇದೆ, ಆನೆಯ ಮೇವು. ನೋಡಿ ಇಟ್ಟ ಹೆಸರುಗಳು ಇವು. ಆಮ್ಲಜನಕದ ಹಂಗು ಬೇಕಿರಲಿಲ್ಲ. ಬುದ್ಧನಿಗೆ ಜ್ಞಾನೋದಯವಾದದ್ದು ಈ ಮರದ ಕೆಳಗೆ ಎಂಬ ನಂಬಿಕೆಯಿಂದ ಇನ್ನೊಂದು ಹೆಸರು ಬಂತು, ಬೋಧಿದ್ರುಮ. ಆ ಮರದ ಕೊಂಬೆಯಿಂದ ಬೆಳೆಸಿದ್ದೆನ್ನುವ ಅರಳಿ ಶ್ರೀಲಂಕಾದ ಅನುರಾಧಪುರದಲ್ಲಿ ಈಗಲೂ ಇದೆ. ಅದನ್ನು ನೆಟ್ಟದ್ದು ಕ್ರಿ.ಪೂ. 288ರಲ್ಲಿ ಎಂಬುದು ಸಂಪ್ರದಾಯದ ಲೆಕ್ಕ.

ಅತ್ತಿ ಮರದಲ್ಲಿ ಹೂವನ್ನೇ ನೋಡಿಲ್ಲ. ಹಣ್ಣು ಬಿಡಿಸಿದರೆ ಒಳಗೆ ಹುಳ. ಹೂವಿಲ್ಲದೆ ಹಣ್ಣು ಹೇಗೆ, ಮುಚ್ಚಿದ ಹಣ್ಣಿನೊಳಗೆ ಹುಳ ಹೇಗೆ?

ನಿಮ್ಮ ಎರಡು ಪ್ರಶ್ನೆಗೂ ಉತ್ತರ ಒಂದೇ, ಮತ್ತು ಈ ಅಂಕಣಕ್ಕೆ ಬರುವ ಪ್ರಶ್ನೆಗಳಲ್ಲಿ ನನಗೆ ಅತಿ ಇಷ್ಟವಾದದ್ದು ಇದು. ನೀವು ನೋಡಿದ್ದೀರಿ, ಹೂ ಅಂತ ಗುರುತಿಸಿಲ್ಲ. ಕಾಂಡಕ್ಕೆ ಗೊಂಚಲಾಗಿ ಅಂಟಿಕೊಂಡ ಎಳೆಯ ಹಸಿರು ‘ಕಾಯಿ’ಯನ್ನು ಬ್ಲೇಡಿನಿಂದ ಎರಡು ಹೋಳು ಮಾಡಿ (ಹಾಲು ಕೈಗೆ ಅಂಟುತ್ತದೆ, ಹುಷಾರು). ಒಳಗೋಡೆಯ ತುಂಬ ಒತ್ತೊತ್ತಾಗಿ ನಿಂತ ಎಳೆಗಳಂಥವು ಕಾಣುತ್ತವೆ. ಒಂದೊಂದೂ ಒಂದು ಹೂ. ಕಾಯಿ ಎಂದು ನಾವು ಕರೆಯುವುದು ಒಳಮಗ್ಗುಲಿಗೆ ಮಡಚಿಕೊಂಡ ಹೂಗೊಂಚಲು.

ತೊಟ್ಟಿನ ಎದುರು ತುದಿಯಲ್ಲಿ ಸಣ್ಣ ರಂಧ್ರವಿದೆ, ಹುರುಪೆಗಳಂಥ ಎಲೆಗಳು ಅದಕ್ಕೆ ಅಡ್ಡ. ಆ ಸಂದಿಯಲ್ಲಿ ಎರಡು ಮಿಲಿಮೀಟರ್ ಆಸುಪಾಸಿನ ಹೆಣ್ಣು ಕಣಜ ತೂರಿಕೊಳ್ಳುತ್ತದೆ. ದಾರಿ ಎಷ್ಟು ಇಕ್ಕಟ್ಟೆಂದರೆ ರೆಕ್ಕೆ ಹರಿದುಹೋಗುತ್ತದೆ. ಅಂದರೆ ಒಳಗೆ ಹೋದದ್ದು ಸಾಮಾನ್ಯವಾಗಿ ಹೊರಗೆ ಬರುವುದಿಲ್ಲ. ಮೈಗಂಟಿದ ಪರಾಗವನ್ನು ಹೂಗಳಿಗೆ ಸವರುತ್ತ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆ ಬಿದ್ದ ಹೂ ಮರಿಹುಳುವಿನ ತೊಟ್ಟಿಲಾಗುತ್ತದೆ, ಮೊಟ್ಟೆಯಿಲ್ಲದೆ ಪರಾಗ ಮಾತ್ರ ಸಿಕ್ಕಿದ್ದು ಬೀಜವಾಗುತ್ತದೆ. ಮರ ಕೊಡುವ ಬಾಡಿಗೆ ಮನೆಯ ಲೆಕ್ಕ ಇಷ್ಟೇ.

ವಾರಗಳ ನಂತರ ಮೊದಲು ಹೊರಬೀಳುವುದು ಗಂಡುಗಳು. ರೆಕ್ಕೆಯೇ ಇಲ್ಲದ ಜೀವಿಗಳು. ಇನ್ನೂ ತೊಟ್ಟಿಲಿನಲ್ಲಿರುವ ಹೆಣ್ಣುಗಳ ಜೊತೆ ಕೂಡಿ, ಕಾಯಿಯ ಗೋಡೆಯಲ್ಲಿ ಸುರಂಗ ಕೊರೆಯುತ್ತವೆ. ಅಲ್ಲಿಗೆ ಅವುಗಳ ಆಯುಷ್ಯ ಮುಗಿಯಿತು. ಆ ಹೊತ್ತಿಗೆ ಸರಿಯಾಗಿ ಗಂಡು ಹೂಗಳಲ್ಲಿ ಪರಾಗ ಬಲಿತಿರುತ್ತದೆ. ಹೆಣ್ಣುಗಳು ಅದನ್ನು ಹೊತ್ತು ಸುರಂಗದಿಂದ ಹಾರಿಹೋಗುತ್ತವೆ. ಅವಕ್ಕಿರುವುದು ಒಂದೆರಡು ದಿನ. ಅಷ್ಟರಲ್ಲಿ ಎಳೆಗಾಯಿ ಬಿಟ್ಟ ಇನ್ನೊಂದು ಅತ್ತಿ ಸಿಗಬೇಕು, ಏಕೆಂದರೆ ಹುಟ್ಟಿದ ಮರದ ಕಾಯಿಗಳೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಬಲಿತಿರುತ್ತವೆ. ಹಾಗಾಗಿ ಕಣಜದ ವಂಶ ಉಳಿಯಬೇಕಾದರೆ ಆ ಪ್ರದೇಶದಲ್ಲಿ ವರ್ಷದ ಯಾವ ತಿಂಗಳಿಗೂ ಯಾವುದೋ ಒಂದು ಅತ್ತಿ ಕಾಯಿ ಬಿಟ್ಟಿರಬೇಕು. ಬೇರೆ ಹಣ್ಣೇ ಇಲ್ಲದ ಕಾಲದಲ್ಲೂ ಬಾವಲಿ, ಕೋತಿ, ಹಕ್ಕಿಗಳಿಗೆ ಅತ್ತಿ ಜಾತಿಯ ಮರಗಳು ಉಣಿಸುವುದು ಈ ಕಾರಣಕ್ಕೆ.

ಕೆಂಪಗೆ ಮಾಗಿದ ಹಣ್ಣಿನಲ್ಲಿ ನೀವು ಕಂಡ ಹುಳಗಳಲ್ಲಿ ಹಿಂದುಳಿದ ಗಂಡುಗಳೂ ಇರಬಹುದು, ಸುರಂಗದ ದಾರಿ ಹಿಡಿದು ಬಂದ ಇರುವೆ, ನೊಣದ ಮರಿಗಳೂ ಇರಬಹುದು.

ಈ ಸಂಬಂಧ ಕಡಿದರೆ ಏನಾಗುತ್ತದೆ ಎಂಬುದಕ್ಕೆ ಅಂಜೂರದ ಉದಾಹರಣೆಯಿದೆ. ಅಂಜೂರದ ಬಹಳಷ್ಟು ತಳಿಗಳಿಗೆ ಕಣಜ ಬೇಡ, ಆದರೆ ಸ್ಮಿರ್ನಾ ತಳಿಗೆ ಬೇಕು. ಅದನ್ನು ಕ್ಯಾಲಿಫೋರ್ನಿಯಾಕ್ಕೆ ಒಯ್ದು ನೆಟ್ಟವರ ಮರಗಳು ಸೊಂಪಾಗಿ ಬೆಳೆದವು, ಕಾಯಿ ಮಾತ್ರ ನಿಲ್ಲದೆ ಉದುರುತ್ತಿತ್ತು. 1899ರಲ್ಲಿ ಕಣಜವನ್ನೂ ತಂದು ನೆಲೆಗೊಳಿಸಿದ ಮೇಲೆಯೇ ಫಸಲು.

‘ಹೂವಿಲ್ಲದೆ ಹಣ್ಣಾಗುವ ಮರ’ ಎಂದು ಗಮನಿಸಿದವರಲ್ಲಿ ನೀವು ಮೊದಲಿಗರಲ್ಲ. ಮನುಸ್ಮೃತಿ ‘ವನಸ್ಪತಿ’ ಎನ್ನುವುದು ಅಂಥ ಮರಗಳನ್ನೇ. ಈಗ ನಾವು ಯಾವ ಗಿಡಕ್ಕಾದರೂ ಆ ಮಾತು ಬಳಸುತ್ತೇವೆ. ಬೌದ್ಧ ಗ್ರಂಥಗಳಲ್ಲಿ ಬಲು ಅಪರೂಪದ್ದಕ್ಕೆ ಉಪಮೆ ಉದುಂಬರದ ಹೂ, ಎಂದರೆ ಇದೇ ಅತ್ತಿ ಹೂ.

ಇಂಗ್ಲೆಂಡಿನ ಚರ್ಚುಗಳ ಸ್ಮಶಾನದಲ್ಲಿ ಯೂ ಎಂಬ ವಿಷದ ಮರ ಯಾಕೆ?

ದನ ಒಳಗೆ ಬರದಿರಲಿ ಎಂದು, ಬಿಲ್ಲಿಗೆ ಮರ ಬೇಕೆಂದು ಎಂಬ ಎರಡು ಉತ್ತರಗಳು ಸಿದ್ಧವಾಗಿವೆ. ಬಿಲ್ಲಿನ ಕಥೆ ನನಗೆ ಒಪ್ಪಿಗೆಯಾಗುವುದಿಲ್ಲ. ಇಂಗ್ಲೆಂಡ್ 1472ರಲ್ಲಿ ಕಾನೂನು ಮಾಡಿ, ಸರಕು ತರುವ ಹಡಗುಗಳು ಬಿಲ್ಲಿನ ದಂಡಗಳನ್ನೂ ಹೊರದೇಶದಿಂದ ತರಬೇಕೆಂದು ಕಡ್ಡಾಯ ಮಾಡಿತ್ತು. ಸ್ಮಶಾನದ ಮರ ಸಾಲುವಂತಿದ್ದರೆ ಆ ಕಾನೂನು ಯಾಕೆ? ಕೆಲವೆಡೆ ಮರವೇ ಚರ್ಚಿಗಿಂತ ಹಳೆಯದಿರಬಹುದು. ಆದರೆ ವಯಸ್ಸು ಹೇಳುವುದು ಕಷ್ಟ: ಹಳೆಯ ಯೂ ಒಳಗೆ ಪೊಳ್ಳಾಗುತ್ತದೆ, ಎಣಿಸಲು ಉಂಗುರ ಉಳಿಯುವುದಿಲ್ಲ. ಪೊಳ್ಳಾದರೂ ಚಿಗುರುವುದು ನಿಲ್ಲಿಸುವುದಿಲ್ಲ. ಸಾವಿನ ಜಾಗದಲ್ಲಿ ವರ್ಷವಿಡೀ ಹಸಿರಾಗಿ ನಿಲ್ಲುವ ಇಂಥ ಮರಕ್ಕೆ ಬೇರೆ ಅರ್ಹತೆ ಬೇಕೇ ಎಂಬುದು ನನ್ನ ಅನಿಸಿಕೆ.

ವಿಷ ಮಾತ್ರ ನಿಜ. ಬೀಜವನ್ನು ಸುತ್ತಿದ ಕೆಂಪು ತಿರುಳೊಂದು ಬಿಟ್ಟು ಮಿಕ್ಕೆಲ್ಲ ಭಾಗ ವಿಷ, ಹೃದಯಕ್ಕೆ ಪೆಟ್ಟು. ಇದರ ದಾಯಾದಿಯಾದ ಪೆಸಿಫಿಕ್ ಯೂ ಮರದ ತೊಗಟೆಯಿಂದಲೇ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕ್ಯಾನ್ಸರ್ ಔಷಧ ಸಿಕ್ಕಿತು. ಮನ್ಸೂಖ್ ವಾನಿ ಮತ್ತು ಮನ್ರೋ ವಾಲ್ ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೆ ಔಷಧವಾಗಿ ಅಮೆರಿಕದಲ್ಲಿ ಮಂಜೂರಾಯಿತು.

ಗಿಂಕ್ಗೊ ಮರ ಅಣುಬಾಂಬಿಗೂ ಸಾಯಲಿಲ್ಲವಂತೆ?

ಹಿರೋಷಿಮಾದಲ್ಲಿ ಬಾಂಬು ಬಿದ್ದ ಜಾಗದಿಂದ ಒಂದೆರಡು ಕಿಲೋಮೀಟರ್ ಒಳಗಿದ್ದ ಕೆಲವು ಗಿಂಕ್ಗೊಗಳು ಸುಟ್ಟು ಕರಕಲಾಗಿ ಮತ್ತೆ ಚಿಗುರಿದ್ದು ನಿಜ. ಪವಾಡವೇನಲ್ಲ, ಬುಡದಿಂದ ಚಿಗುರುವ ಶಕ್ತಿ ಅದಕ್ಕೆ ಮೊದಲಿನಿಂದಲೂ ಇದೆ. ಬೇರೆ ಜಾತಿಯ ಮರಗಳೂ ಅಲ್ಲಿ ಬದುಕುಳಿದಿವೆ. ನನಗೆ ಇದಕ್ಕಿಂತ ಬೆರಗಿನದು ಇನ್ನೊಂದು. ಗಿಂಕ್ಗೊದ ಬಂಧುಬಳಗವೆಲ್ಲ ಅಳಿದು ಉಳಿದಿರುವುದು ಈ ಒಂದೇ ಜಾತಿ. ಇದರ ವೀರ್ಯಾಣು ಜರೀಗಿಡಗಳದ್ದರಂತೆ ಈಜುತ್ತದೆ. ಬೀಜ ಬಿಡುವ ಗಿಡದಲ್ಲಿ ಹೀಗುಂಟೆಂದು 1896ರಲ್ಲಿ ಮೊದಲು ಕಂಡವರು ಹಿರಾಸೆ ಸಾಕುಗೊರೊ. ಅವರು ಬೀಜ ಕಿತ್ತು ನೋಡಿದ ಮರ ಟೋಕಿಯೊದ ಕೊಯಿಶಿಕಾವಾ ಸಸ್ಯೋದ್ಯಾನದಲ್ಲಿ ಈಗಲೂ ನಿಂತಿದೆ. ಶರತ್ಕಾಲದಲ್ಲಿ ಹೋಗುವವರು ಹೆಣ್ಣು ಮರದ ಕೆಳಗೆ ಬಿದ್ದ ಬೀಜ ತುಳಿಯಬೇಡಿ. ಅದರ ಸಿಪ್ಪೆಯ ನಾತ ಚಪ್ಪಲಿ ಬಿಟ್ಟು ಹೋಗುವುದಿಲ್ಲ.